ನಲವತ್ತೊಂದನೇ ಹಾಳೆ

"ಕೈ ತೆಗೀರಿ!"

ಬಾಗಿಲಲ್ಲೇ ನಿಂತು ಸಿಗ್ನೆ ಕೂಗಿದ ರಭಸಕ್ಕೆ ಕಿಟಕಿಯ ಹೊರಗೆ ಕುಳಿತಿದ್ದ ಪಾರಿವಾಳ ಪಟಪಟನೆ ಹಾರಿಹೋಯಿತು.

ಅವಳ ಮೇಜು. ಅವಳ ಕುರ್ಚಿ. ಅವಳ ಲೆಕ್ಕದ ಯಂತ್ರ! ನಾಲ್ಕು ವರ್ಷಗಳಿಂದ ಬೇರೆ ಯಾರ ಬೆರಳೂ ಸೋಕದ ಆ ಯಂತ್ರದ ಮುಂದೆ ಗುರುತು ಪರಿಚಯವಿಲ್ಲದ ಗಂಡಸೊಬ್ಬ ಆರಾಮಾಗಿ ಕುಳಿತು, ಅದರ ಹಿಡಿಯನ್ನು ಗರಗರ ತಿರುಗಿಸುತ್ತಿದ್ದ. ಅದೂ ಹಿಮ್ಮುಖವಾಗಿ!

ಅವನು ನಿಧಾನವಾಗಿ ತಲೆ ಎತ್ತಿದ. ಮಾರ್ಚ್ ತಿಂಗಳ ಕಾಲುವೆ ನೀರಿನ ಬಣ್ಣದ ಕಣ್ಣುಗಳು. ಗಾಬರಿಯಿಲ್ಲ, ನಾಚಿಕೆಯೂ ಇಲ್ಲ.

"ಕೆಮ್ತಾ ಇತ್ತು," ಎಂದ.

"ಏನು?"

"ನಿಮ್ಮ ಯಂತ್ರ. ಏಳನೇ ಹಲ್ಲಿನ ಹತ್ರ ಕೆಮ್ತಾ ಇತ್ತು. ಒಂದು ತೊಟ್ಟು ಎಣ್ಣೆ ಬಿಟ್ಟೆ. ಈಗ ಕೇಳಿ."

ಮತ್ತೆ ತಿರುಗಿಸಿದ. ಬೆಣ್ಣೆಯಲ್ಲಿ ಚಾಕು ಇಳಿದಷ್ಟು ನುಣ್ಣಗಿತ್ತು ಸದ್ದು. ಹೋದ ಚಳಿಗಾಲದಿಂದ ಆ ಕೆಮ್ಮು ಅವಳ ನಿದ್ದೆ ಕೆಡಿಸಿತ್ತು ಎಂಬುದು ನಿಜ. ಆದರೆ ಇವನ ಮುಂದೆ ಒಪ್ಪಿಕೊಳ್ಳುವುದೇ? ಸಾಧ್ಯವೇ ಇಲ್ಲ!

"ಕೇಳದೆ ಇನ್ನೊಬ್ಬರ ಯಂತ್ರ ಮುಟ್ಟೋದು ಯಾವ ಊರಿನ ಮರ್ಯಾದೆ?"

"ಜಟ್‌ಲ್ಯಾಂಡಿನದು. ನಮ್ಮ ಕಡೆ ಕೇಳ್ತಾ ಕೂತ್ರೆ ಕೆಮ್ಮೋರು ಸತ್ತೇ ಹೋಗ್ತಾರೆ."

ಅವಳಿಗೆ ನಗು ಬಂತು. ಬಂದ ನಗುವನ್ನು ಹಲ್ಲು ಕಚ್ಚಿ ಒಳಗೇ ತಡೆದಳು.

ಅಷ್ಟರಲ್ಲಿ ಕೋಲಿನ ಟಕ್ ಟಕ್ ಸದ್ದಿನೊಂದಿಗೆ ಪ್ರೊಫೆಸರ್ ವಿಡ್‌ಕೇರ್ ಒಳಬಂದರು. ಎಪ್ಪತ್ತಾರು ವರ್ಷದ ಅವರ ಕಣ್ಣಿಗೆ ಈಗ ಮಂಜು ಮಾತ್ರ ಕಾಣುತ್ತಿತ್ತು. ಆದರೂ ಕೋಣೆಯಲ್ಲಿ ಸಿಡಿಲು ಬಡಿದದ್ದು ಅವರಿಗೆ ಗೊತ್ತಾಗಿತ್ತು.

"ಓ, ಪರಿಚಯ ಆಯ್ತಾ! ಸಿಗ್ನೆ, ಇವರು ಆಸ್ಗರ್ ತೋನಿಂಗ್, ಪಶ್ಚಿಮದ ಜಟ್‌ಲ್ಯಾಂಡ್ ಸೀಮೆಯ ಲೆಮ್ವಿಗ್ ಊರಿನವರು. ಇವತ್ತಿನಿಂದ ಎರಡನೇ ಲೆಕ್ಕಿಗ. ಹಿಂದಿನ ಕೋಣೆ ಇವರದ್ದು, ಮುಂದಿನದ್ದು ನಿನ್ನದು. ಆಸ್ಗರ್, ಈ ಹುಡುಗಿ ನಾಲ್ಕು ವರ್ಷದಲ್ಲಿ ಒಂದೇ ಒಂದು ತಪ್ಪು ಮಾಡಿಲ್ಲ ತಿಳೀತಾ? ಇವಳ ಹತ್ರ ಹುಷಾರಾಗಿರಿ."

"ಅದು ಬಾಗಿಲಲ್ಲೇ ಗೊತ್ತಾಯ್ತು ಸರ್," ಎಂದ ಆಸ್ಗರ್.

*

ಕೋಪನ್‌ಹೇಗನ್ನಿನ ಕಾಲುವೆ ದಂಡೆಯ ಆ ಹಳೆಯ ಮನೆಯ ಮೂರನೇ ಮಹಡಿಯಲ್ಲಿ ಆ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕಲಾಗುತ್ತಿತ್ತು.

ಇಪ್ಪತ್ತು ಅಂಕಿಗಳ ಒಂದು ಸಂಖ್ಯೆ. ಅದು ಅವಿಭಾಜ್ಯವೋ, ಅಲ್ಲವೋ?

ಏಳು, ಹದಿಮೂರು, ನೂರ ಒಂದು... ಇವೆಲ್ಲ ಅವಿಭಾಜ್ಯ ಸಂಖ್ಯೆಗಳು. ಒಂದು ಮತ್ತು ತಾನು, ಇಷ್ಟು ಬಿಟ್ಟರೆ ಬೇರೆ ಯಾವ ಸಂಖ್ಯೆ ಬಂದು ಬಾಗಿಲು ಬಡಿದರೂ ಸಮನಾಗಿ ಒಡೆದುಕೊಳ್ಳದವು. ಚಿಕ್ಕದಾದರೆ ಬೆರಳೆಣಿಸಿ ಹೇಳಬಹುದು. ಇಪ್ಪತ್ತು ಅಂಕಿಯದಾದರೆ? ಒಂದೊಂದಾಗಿ ಭಾಗಿಸುತ್ತ ಕುಳಿತರೆ ಹತ್ತು ಜನ್ಮ ಸಾಲದು.

ಅದಕ್ಕೆ ಪ್ರೊಫೆಸರರ ದಾರಿ ಬೇರೆ. ಮೂರರಿಂದ ಶುರುಮಾಡಿ ವರ್ಗ ಮಾಡು, ಆ ದೊಡ್ಡ ಸಂಖ್ಯೆಯಿಂದ ಭಾಗಿಸು, ಉಳಿದ ಶೇಷವನ್ನು ಇಟ್ಟುಕೊ. ಅದನ್ನು ಮತ್ತೆ ವರ್ಗ ಮಾಡು, ಮತ್ತೆ ಭಾಗಿಸು. ನಡುವೆ ಕೆಲವೆಡೆ ಮೂರರಿಂದ ಒಂದು ಗುಣಾಕಾರ. ಹೀಗೆ ಅರವತ್ತೈದು ಸಲ. ಸಲಕ್ಕೊಂದು ಹಾಳೆ, ಹೆಚ್ಚುಕಡಿಮೆ ದಿನಕ್ಕೊಂದು ಹಾಳೆ. ಅರವತ್ತೈದನೇ ಹಾಳೆಯ ತಳದಲ್ಲಿ 'ಒಂದು' ಉಳಿದರೆ, ಆಮೇಲಿನ ಕೆಲವು ಸಣ್ಣ ಪರೀಕ್ಷೆಗಳಲ್ಲೂ ಗೆದ್ದರೆ, ಸಂಖ್ಯೆ ಅವಿಭಾಜ್ಯ. ಬೇರೆ ಏನಾದರೂ ಉಳಿದರೆ ಅಲ್ಲ.

ಇಡೀ ದಾರಿಯಲ್ಲಿ ಎಲ್ಲೋ ಒಂದು ಅಂಕಿ ತಪ್ಪಿದರೂ ಮುಂದಿನದೆಲ್ಲ ಸುಳ್ಳು!

ಹಾಗಾಗಿಯೇ ಇಬ್ಬರು ಲೆಕ್ಕಿಗರು, ಎರಡು ಕೋಣೆಗಳು, ಮತ್ತು ಒಂದು ಕಟ್ಟುನಿಟ್ಟಾದ ನಿಯಮ. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡುವಂತಿಲ್ಲ, ಅಂಕಿಗಳ ಮಾತು ಆಡುವಂತಿಲ್ಲ. ಎಲ್ಲ ಮುಗಿದ ಮೇಲೆ ಹಾಳೆಗಳ ತಳದ ಸಾಲುಗಳನ್ನು ಓದಿಸಿ ತಾಳೆ ನೋಡುವುದು.

ಸಿಗ್ನೆಗೆ ಆ ಸಂಖ್ಯೆ ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ ಕೋಟೆಯ ರಾಜಕುಮಾರಿಯಂತೆ ಕಾಣುತ್ತಿತ್ತು. ಯಾವ ರಾಜಕುಮಾರ ಬಂದರೂ ಬಾಗಿಲು ತೆರೆಯದವಳು. ಒಳಗೊಳಗೇ ಅವಳು ಪ್ರಾರ್ಥಿಸುತ್ತಿದ್ದಳು: 'ಒಡೆಯಬೇಡ ಕಣೇ... ಯಾರಿಗೂ ಒಡೆಯಬೇಡ.'

ಅವಳ ಸ್ವಂತದ ಆಸೆಯೂ ಒಂದಿತ್ತು. ಈ ಕೆಲಸ ಮುಗಿದ ಮೇಲೆ ಪ್ರೊಫೆಸರ್ ನಕ್ಷತ್ರ ವೀಕ್ಷಣಾಲಯಕ್ಕೆ ಪತ್ರ ಬರೆಯುತ್ತೇನೆ ಎಂದಿದ್ದರು. ಅಲ್ಲಿ ಮುಖ್ಯ ಲೆಕ್ಕಿಗರ ಕೆಲಸ! ಪತ್ರದ ಮೊದಲ ವಾಕ್ಯವನ್ನೂ ಹೇಳಿದ್ದರು: 'ನಾಲ್ಕು ವರ್ಷದಲ್ಲಿ ಈಕೆ ಒಂದೂ ತಪ್ಪು ಮಾಡಿಲ್ಲ.'

ತಂದೆತಾಯಿ ಇಲ್ಲದೆ ಬೆಳೆದು, ಒಂದು ಪೆಟ್ಟಿಗೆ ಹಿಡಿದು ರಾಜಧಾನಿಗೆ ಬಂದ ಹುಡುಗಿಗೆ ಆ ವಾಕ್ಯವೇ ಮನೆ, ಆ ವಾಕ್ಯವೇ ಆಸ್ತಿ.

*

ಗೋಡೆಯ ಆಚೆಯಿಂದ ಅವನ ಯಂತ್ರದ ಸದ್ದು ಕೇಳುತ್ತಿತ್ತು. ಗರ್... ಗರ್... ಗರ್... ಭಾಗಾಕಾರ ಒಂದು ಸುತ್ತು ಹೆಚ್ಚಾದಾಗ ಟಿಣ್ ಎಂದು ಗಂಟೆ.

ಮೊದಲ ವಾರ ಅವಳಿಗೆ ಕಿರಿಕಿರಿಯಾಯಿತು. ಎರಡನೇ ವಾರ ಅಭ್ಯಾಸವಾಯಿತು. ಮೂರನೇ ವಾರ ಅವನು ಒಂದು ದಿನ ಬರುವುದು ತಡವಾದಾಗ, ಅವಳ ಕೈ ಹಿಡಿಯ ಮೇಲೆ ಸುಮ್ಮನೆ ನಿಂತುಬಿಟ್ಟಿತ್ತು. ಸದ್ದು ಶುರುವಾದ ಮೇಲೆಯೇ ಅದು ತಿರುಗಿದ್ದು!

'ಥೂ, ಏನಾಗಿದೆ ನನಗೆ?' ಎಂದು ತನ್ನನ್ನೇ ಬೈದುಕೊಂಡಳು.

ಮಧ್ಯಾಹ್ನ ಅಡುಗೆಮನೆಯ ಮೇಜಿನ ಬಳಿ ಎಲ್ಲರೂ ಸೇರುತ್ತಿದ್ದರು. ಮನೆ ನೋಡಿಕೊಳ್ಳುತ್ತಿದ್ದ ಬೋದಿಲ್ ಅಮ್ಮ ಕಪ್ಪು ರೊಟ್ಟಿ, ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು, ಕಾಫಿ ಇಡುತ್ತಿದ್ದಳು. ಪ್ರೊಫೆಸರರ ಕಣ್ಣು ಹೋದ ಮೇಲೆ ಅಂಕಿ ಓದಿ ಹೇಳುವ ಕೆಲಸವೂ ಅವಳದೇ.

"ಮೀನು ಹೇಗಿದೆ ತಮ್ಮಾ?" ಎಂದು ಅವಳು ಕೇಳಿದರೆ,

"ತಿನ್ನಬಹುದು," ಎನ್ನುತ್ತಿದ್ದ ಆಸ್ಗರ್, ಮೂರನೇ ತುಂಡಿಗೆ ಕೈ ಹಾಕುತ್ತ.

"ತಿನ್ನಬಹುದಂತೆ! ಬಾಯಿ ತುಂಬ ಚೆನ್ನಾಗಿದೆ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಚೆನ್ನಾಗಿದೆ ಅಂದ್ರೆ ನಾಳೆ ನೀವು ಕಷ್ಟಪಡಲ್ಲ ಬೋದಿಲ್ ಅಮ್ಮ."

"ನೋಡಿದೆಯಾ ಸಿಗ್ನೆ? ಇಂಥವರನ್ನ ಕಟ್ಕೊಂಡೋಳ ಗತಿ ಏನು! ಸಾಯೋ ತನಕ ಒಂದು ಒಳ್ಳೆ ಮಾತು ಕೇಳಲ್ಲ ಪಾಪ."

ಸಿಗ್ನೆಯ ಕಿವಿ ಕೆಂಪಾಯಿತು. ಕಾಫಿ ಲೋಟದೊಳಗೆ ಮುಖ ಅಡಗಿಸಿಕೊಂಡಳು. ಲೋಟದ ಅಂಚಿನಿಂದ ನೋಡಿದರೆ... ಅವನ ಕಿವಿಯೂ ಕೆಂಪಗಿತ್ತು!

ಅಂಕಿಗಳ ಮಾತು ಆಡುವಂತಿರಲಿಲ್ಲ, ಉಳಿದದ್ದೆಲ್ಲ ಆಡಿದರು. ದೋಣಿ ಕಟ್ಟುವ ಅವನ ಅಣ್ಣ. ಊರಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಅವನು ಎರಡು ಬೇಸಿಗೆ ಪ್ರೊಫೆಸರರಿಗೆ ಪತ್ರ ಬರೆದು ಬರೆದು ಇಲ್ಲಿಗೆ ಬಂದದ್ದು. ಅವಳ ಅಜ್ಜಿ, ಅಜ್ಜಿಯ ಕಥೆಗಳು. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅವನು ಕೇಳಿಸಿಕೊಳ್ಳುವ ರೀತಿ ಇತ್ತಲ್ಲ... ಅವಳ ಒಂದೊಂದು ಮಾತನ್ನೂ ಒಂದು ಹಾಳೆಯ ತಳದಲ್ಲಿ ಬರೆದಿಟ್ಟುಕೊಳ್ಳುವವನಂತೆ!

ಮೇ ತಿಂಗಳ ಮೊದಲ ವಾರ ಊರಾಚೆಯ ಕಾಡಿನಲ್ಲಿ ಬೀಚ್ ಎಂಬ ಮರಗಳು ಚಿಗುರಿದವು. ಆ ದಿನ ಡೆನ್ಮಾರ್ಕಿನವರಿಗೆ ಏನಾಗುತ್ತದೋ! ಆರು ತಿಂಗಳ ಬೂದು ಬಣ್ಣ ಕಳೆದು, ಬೆಳಕು ಆಚೆ ಕಾಣುವಷ್ಟು ತೆಳುವಾದ ಹಸಿರೆಲೆ ಮೂಡಿತೆಂದರೆ, ಹಲ್ಲಿಲ್ಲದ ಮುದುಕರೂ ಕಾಡಿಗೆ ಹೊರಡುತ್ತಾರೆ.

ಸಿಗ್ನೆ ನಲವತ್ತನೇ ಹಾಳೆಯ ತಳದ ಸಾಲು ಬರೆದು ಮುಗಿಸಿದ್ದಳು. ಹೊಸ ಹಾಳೆ ಎಳೆದುಕೊಂಡು, ಆ ಇಪ್ಪತ್ತು ಅಂಕಿಗಳನ್ನು ಅದರ ತಲೆಯಲ್ಲಿ ನಕಲು ಮಾಡಬೇಕಿತ್ತು. ಆಗಲೇ ಬಾಗಿಲು ಕಿರ್ ಎಂದಿತು.

ಆಸ್ಗರ್. ಕಣ್ಣು ಮುಚ್ಚಿಕೊಂಡಿದ್ದ! ಅವಳ ಹಾಳೆ ಕಾಣಬಾರದೆಂದು ಗಟ್ಟಿಯಾಗಿ ಕಣ್ಣು ಮುಚ್ಚಿ, ಒಂದು ಕೈಯಿಂದ ಗೋಡೆ ತಡವುತ್ತ, ಇನ್ನೊಂದರಲ್ಲಿ ಒಂದು ಚಿಗುರು ಟೊಂಗೆ ಹಿಡಿದು ಬರುತ್ತಿದ್ದ.

"ಮೇಜು ಎಲ್ಲಿದೆ ಹೇಳಿ. ನಾನೇನೂ ನೋಡ್ತಾ ಇಲ್ಲ."

"ಇನ್ನೆರಡು ಹೆಜ್ಜೆ... ಅಯ್ಯೋ, ಕುರ್ಚಿ!"

ಮೊಣಕಾಲು ಕುರ್ಚಿಗೆ ಬಡಿಯಿತು. ಅವನು 'ಸ್ಸ್' ಎನ್ನಲೂ ಇಲ್ಲ. ಟೊಂಗೆಯನ್ನು ಅವಳತ್ತ ಚಾಚಿದ.

"ಬೆಳಿಗ್ಗೆ ಸೈಕಲ್ ಮೇಲೆ ಹೋಗಿದ್ದೆ. ನಿಮ್ಮ ಕಿಟಕಿಯಿಂದ ಒಂದು ಮರಾನೂ ಕಾಣಲ್ಲ ಅಲ್ವಾ... ಅದಕ್ಕೆ ತಂದೆ, ಸಿಗ್ನೆ."

ಸಿಗ್ನೆ! ಬರೀ ಸಿಗ್ನೆ. ಎರಡು ತಿಂಗಳಲ್ಲಿ ಮೊದಲ ಸಲ.

ಅವನು ಹೋದ. ಗೋಡೆಯ ಆಚೆ ಸದ್ದು ಶುರುವಾಯಿತು. ಅವಳು ಎಡಗೈಯಲ್ಲಿ ಆ ಎಲೆಗಳನ್ನು ಕೆನ್ನೆಗೆ ಒತ್ತಿಕೊಂಡು, ಬಲಗೈಯಲ್ಲಿ ನಲವತ್ತೊಂದನೇ ಹಾಳೆಯ ತಲೆಯ ಸಾಲು ಬರೆದಳು. ಅಂಕಿಗಳನ್ನೆಲ್ಲ ಕೂಡಿ ಒಂಬತ್ತರ ತಾಳೆ ನೋಡಿದಳು. ಸರಿಯಾಗಿತ್ತು. ಹನ್ನೊಂದರ ತಾಳೆ ನೋಡುವುದು ಆ ದಿನ ಮರೆತೇಹೋಯಿತು.

*

ಜೂನ್ ಹತ್ತರಂದು ಎಲ್ಲ ಹಾಳೆಗಳೂ ಪ್ರೊಫೆಸರರ ಮೇಜಿಗೆ ಬಂದವು. ಬೋದಿಲ್ ಅಮ್ಮ ಕನ್ನಡಕ ಏರಿಸಿ ತಳದ ಸಾಲುಗಳನ್ನು ಓದತೊಡಗಿದಳು. ಮೊದಲು ಅವಳದ್ದು, ಆಮೇಲೆ ಅವನದ್ದು.

"ಸರಿ... ಸರಿ... ಇದೂ ಸರಿ..."

ಮೂವತ್ತೊಂಬತ್ತು ಸರಿ. ನಲವತ್ತು ಸರಿ. ನಲವತ್ತೊಂದು...

ಬೋದಿಲ್ ಅಮ್ಮ ನಿಂತಳು. ಎರಡು ಹಾಳೆಗಳನ್ನೂ ಮತ್ತೆ ಮತ್ತೆ ನೋಡಿದಳು.

"ಇಲ್ಲಿ... ಬೇರೆ ಬೇರೆ ಇದೆಯಲ್ಲಪ್ಪ."

ಅಲ್ಲಿಂದ ಮುಂದೆ ಒಂದು ಸಾಲೂ ಕೂಡಲಿಲ್ಲ. ಅವನ ಕೊನೆಯ ಹಾಳೆಯಲ್ಲಿ ಉಳಿದದ್ದು ಒಂದು. ಅವಳ ಕೊನೆಯ ಹಾಳೆಯಲ್ಲಿ ಇಪ್ಪತ್ತು ಅಂಕಿಯ ಒಂದು ಗೊಂಚಲು.

"ಇಬ್ಬರೂ ನಲವತ್ತೊಂದನ್ನ ಮತ್ತೆ ಮಾಡಿ," ಎಂದರು ಪ್ರೊಫೆಸರ್.

ಮಾಡಿದರು. ತಮ್ಮ ತಮ್ಮ ಕೋಣೆಯಲ್ಲಿ, ತಮ್ಮ ತಮ್ಮ ಹಾಳೆಯ ತಲೆಯ ಸಾಲಿನಿಂದ ತಳದವರೆಗೆ. ಅವಳಿಗೆ ಮತ್ತೆ ಅವಳದೇ ಉತ್ತರ, ಅವನಿಗೆ ಮತ್ತೆ ಅವನದೇ. ಇನ್ನೊಂದು ಸಲ ಮಾಡಿದರು. ಹಾಗೆಯೇ!

ಪ್ರೊಫೆಸರ್ ಕೋಲಿನ ತುದಿ ಸವರಿದರು.

"ನಾಲ್ಕು ವರ್ಷ ನಾನು ಇವಳ ಹಾಳೆ ನಂಬಿದ್ದೀನಿ," ಎಂದರು ಕೊನೆಗೆ. "ಇವತ್ತೂ ನಂಬ್ತೀನಿ. ಸಂಖ್ಯೆ ಒಡೆಯುತ್ತೆ. ಆಸ್ಗರ್, ಬೇಜಾರು ಮಾಡ್ಕೋಬೇಡಿ."

ಸಿಗ್ನೆ ಗೆದ್ದಿದ್ದಳು. ಆದರೆ ಎದೆಯಲ್ಲಿ ಗೆಲುವಿನ ಸುಳಿವೇ ಇರಲಿಲ್ಲ.

ಮೆಟ್ಟಿಲ ಬಳಿ ಆಸ್ಗರ್ ಕಾಯುತ್ತಿದ್ದ. ಟೋಪಿಯನ್ನು ಕೈಯಲ್ಲಿ ಸುತ್ತಿಸುತ್ತಿದ್ದ.

"ನಲವತ್ತೊಂದನೇ ಹಾಳೆ ಬರೆದ ದಿನ... ನಿಮಗೆ ನೆನಪಿದೆಯಾ?"

ನೆನಪಿದೆಯೇ! ಆ ಎಲೆಗಳು ಅವಳ ನಿಘಂಟಿನ ನಡುವೆ ಒಣಗಿ ಮಲಗಿದ್ದವು. ಪ್ರತಿ ರಾತ್ರಿ ಒಮ್ಮೆ ತೆರೆದು ನೋಡುತ್ತಿದ್ದಳು.

ಆದರೆ ಆ ಕ್ಷಣಕ್ಕೆ ಅವಳಿಗೆ ಕೇಳಿಸಿದ್ದೇ ಬೇರೆ. 'ನೀನು ಅವತ್ತು ನನ್ನ ಗುಂಗಿನಲ್ಲಿದ್ದೆ. ಅದಕ್ಕೇ ತಪ್ಪಿದ್ದೀಯ.' ಹಾಗಾದರೆ ಇವನಿಗೆ ಗೊತ್ತು! ತನ್ನ ಎದೆಯ ಗುಟ್ಟು ಗೊತ್ತಿದ್ದು, ಅದನ್ನೇ ಹಿಡಿದು ತನ್ನ ಲೆಕ್ಕವನ್ನು ಸುಳ್ಳು ಮಾಡಲು ನೋಡುತ್ತಿದ್ದಾನೆ!

"ನಿಮ್ಮ ಒಂದು ಹಿಡಿ ಎಲೆಗೆ ನಾನು ಲೆಕ್ಕ ಮರೀತೀನಿ ಅಂದ್ಕೊಂಡ್ರಾ?" ಅವಳು ಸಿಡುಕಿದಳು. "ಊರಿಗೆ ಹೋಗಿ ದೋಣಿಗೆ ಎಷ್ಟು ಮೊಳೆ ಬೇಕು ಅಂತ ಎಣಿಸಿ. ನಿಮಗೆ ಅದೇ ಸರಿ!"

ಅವನ ಮುಖದಲ್ಲಿ ಏನೋ ಆರಿಹೋಯಿತು.

ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ. ಮಳೆಕೋಟು ಗೂಟದಲ್ಲೇ ಉಳಿಯಿತು.

*

ಗೋಡೆಯ ಆಚೆ ಈಗ ಸದ್ದಿಲ್ಲ.

ಜೂನ್ ಮುಗಿಯಿತು, ಜುಲೈ ಬಂತು. ಬೋದಿಲ್ ಅಮ್ಮ ಕೋಟನ್ನು ಮಡಚಿ ಲೆಮ್ವಿಗ್‌ಗೆ ಅಂಚೆಯಲ್ಲಿ ಕಳಿಸಿದಳು. "ಒಂದು ಸಾಲು ಬರೆದು ಜೇಬಲ್ಲಿ ಇಡ್ತೀಯೇನೆ?" ಎಂದು ಕೇಳಿದಳು. ಸಿಗ್ನೆ ತಲೆ ಅಲ್ಲಾಡಿಸಿದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಜುಲೈ ಕೊನೆಗೆ ಅಚ್ಚಿನ ಪ್ರತಿ ಸಿದ್ಧಪಡಿಸಬೇಕಾಯಿತು. ಹಾಳೆಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ, ಉದ್ದನೆಯ ಕಾಗದಕ್ಕೆ ಶುದ್ಧವಾಗಿ ಇಳಿಸುವ ಕೆಲಸ. ನಲವತ್ತನೆಯದರ ತಳ, ಅದರ ಕೆಳಗೇ ನಲವತ್ತೊಂದರ ತಲೆ.

ಲೇಖನಿ ನಿಂತಿತು.

ಮೇಲಿನ ಸಾಲಿನಲ್ಲಿ... ಎಂಟು, ಎರಡು, ಏಳು.

ಕೆಳಗಿನ ಸಾಲಿನಲ್ಲಿ... ಎಂಟು, ಏಳು, ಎರಡು.

ಅವಳು ಬೆರಳಿಟ್ಟು ಓದಿದಳು. ಕಣ್ಣೊರೆಸಿಕೊಂಡು ಮತ್ತೆ ಓದಿದಳು.

'ಇಲ್ಲ... ಇಲ್ಲ ದೇವರೇ...'

ಎರಡು ಅಂಕಿಗಳು ಜಾಗ ಬದಲಿಸಿಕೊಂಡಿದ್ದವು. ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಒಂಬತ್ತರ ತಾಳೆಗೆ ಸಿಕ್ಕಿರಲಿಲ್ಲ. ಅಂಕಿಗಳ ಜಾಗವನ್ನೂ ಲೆಕ್ಕಕ್ಕೆ ಹಿಡಿಯುವ ಹನ್ನೊಂದರ ತಾಳೆಗೆ ಸಿಕ್ಕಿಬೀಳುತ್ತಿತ್ತು. ಅದನ್ನು ಅವಳು ಮಾಡಿರಲಿಲ್ಲ. ನಲವತ್ತನೇ ಹಾಳೆಯೂ ಸರಿ, ನಲವತ್ತೊಂದನೆಯದರೊಳಗಿನ ಲೆಕ್ಕವೂ ಸರಿ. ಅದಕ್ಕೇ ಎಷ್ಟು ಸಲ ತಿರುಗಿಸಿದರೂ ಅದೇ ಉತ್ತರ! ತಪ್ಪು ಇದ್ದದ್ದು ಎರಡು ಹಾಳೆಗಳ ನಡುವೆ, ಯಾರೂ ನೋಡದ ಆ ಸಂದಿನಲ್ಲಿ.

ಕಿಟಕಿಯ ಹೊರಗೆ ಕಾಲುವೆಯ ದೋಣಿಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು.

ಯಾರಿಗೂ ಗೊತ್ತಿಲ್ಲ. ಪ್ರೊಫೆಸರರಿಗೆ ಕಣ್ಣು ಕಾಣದು. ಬೋದಿಲ್ ಅಮ್ಮ ಓದುವುದು ತಳದ ಸಾಲು ಮಾತ್ರ. ಪ್ರತಿ ಅಚ್ಚಿಗೆ ಹೋದರೆ ಇಪ್ಪತ್ತು ಅಂಕಿಯ ಸಂಖ್ಯೆಯನ್ನು ಮತ್ತೆ ಅರವತ್ತೈದು ಸಲ ತಿರುಗಿಸುವ ಹುಚ್ಚು ಯಾರಿಗಿದೆ? ಪತ್ರ ಹೋಗುತ್ತದೆ. ವೀಕ್ಷಣಾಲಯದ ಕೆಲಸ ಸಿಗುತ್ತದೆ. ಒಂದೂ ತಪ್ಪು ಮಾಡದ ಸಿಗ್ನೆ, ಸಾಯುವವರೆಗೂ ಒಂದೂ ತಪ್ಪು ಮಾಡದ ಸಿಗ್ನೆಯಾಗಿಯೇ ಇರುತ್ತಾಳೆ...

ಆದರೆ ಆ ಸಂಖ್ಯೆ? ಯಾರಿಗೂ ಒಡೆಯದ ಆ ಹಟಮಾರಿ ರಾಜಕುಮಾರಿಯನ್ನು ಒಡೆದುಹೋದವಳೆಂದು ಜಗತ್ತಿಗೆ ಸಾರಬೇಕೇ? ಮತ್ತು ಅವನು... ಮೆಟ್ಟಿಲ ಬಳಿ ಆರಿಹೋದ ಆ ಮುಖ...

ಅವಳು ಎರಡೂ ಹಾಳೆಗಳನ್ನು ಹಿಡಿದು ಎದ್ದಳು. ಪ್ರೊಫೆಸರರ ಕೋಣೆಯ ಬಾಗಿಲು ತಟ್ಟಿದಳು.

"ಸರ್... ತಪ್ಪು ನನ್ನದು."

ಎಲ್ಲ ಹೇಳಿದಳು. ಎಲೆಯ ವಿಷಯ ಒಂದನ್ನು ಬಿಟ್ಟು. ಹೇಳುವಾಗ ಕಣ್ಣೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಪ್ರೊಫೆಸರ್ ಆ ಹಾಳೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು: "ಪತ್ರದ ಮೊದಲ ವಾಕ್ಯ ತೆಗೀಬೇಕಾಗುತ್ತಲ್ಲ, ಮಗಳೇ?"

"ತೆಗೀರಿ ಸರ್."

"ಅದು ಹೋದ್ರೆ ಕೆಲಸವೂ ಹೋಗಬಹುದು."

"ಗೊತ್ತು."

"ಹ್ಞೂಂ. ನನ್ನದೂ ತಪ್ಪಿದೆ. ನಿನ್ನ ಹಾಳೆ ನೋಡೋ ಬದಲು ನಿನ್ನ ಹೆಸರು ನೋಡಿ ತೀರ್ಪು ಕೊಟ್ಟೆ." ಅವರು ನಿಟ್ಟುಸಿರಿಟ್ಟು ಕೋಲಿನಿಂದ ನೆಲ ಕುಟ್ಟಿದರು. "ಇನ್ನೂ ಇಪ್ಪತ್ತೈದು ಹಾಳೆ ಇದೆ. ಅಳ್ತಾ ತಿರುಗಿಸಿದ್ರೆ ಯಂತ್ರಕ್ಕೆ ತುಕ್ಕು ಹಿಡಿಯುತ್ತೆ. ಮುಖ ತೊಳ್ಕೊಂಡು ಕೂತ್ಕೋ ಹೋಗು."

ಹದಿನೇಳು ದಿನ ತಿರುಗಿಸಿದಳು. ಒಂದೊಂದು ಹಾಳೆ ಮುಗಿದಂತೆ ಬೋದಿಲ್ ಅಮ್ಮ ಆಸ್ಗರ್‌ನ ಹಾಳೆ ತೆಗೆದು ತಾಳೆ ನೋಡುತ್ತಿದ್ದಳು. ಸರಿ... ಸರಿ... ಸರಿ... ಅರವತ್ತೈದನೆಯದರ ತಳದಲ್ಲಿ ಕೊನೆಗೂ ಒಂಟಿಯಾಗಿ ನಿಂತಿತ್ತು, 'ಒಂದು'. ಸಣ್ಣ ಪರೀಕ್ಷೆಗಳೂ ಗೆದ್ದವು.

ಅವಿಭಾಜ್ಯ!

ಬೋದಿಲ್ ಅಮ್ಮ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯಲ್ಲೇ ಮೂಗೊರೆಸಿಕೊಂಡಳು. "ನಂಗೇನೂ ಅರ್ಥ ಆಗಲ್ಲಮ್ಮ. ಆದ್ರೂ ಅಳು ಬರ್ತಿದೆ. ರೈಲು ಬೆಳಿಗ್ಗೆ ಎಂಟಕ್ಕಿದೆ. ರೊಟ್ಟಿ ಕಟ್ಟಿಡ್ತೀನಿ."

"ಯಾವ ರೈಲು?"

"ಯಾವ ರೈಲಂತೆ! ಲೆಮ್ವಿಗ್‌ಗೆ ಇನ್ಯಾವ ರೈಲು ಹೋಗುತ್ತೆ ಹುಚ್ಚು ಹುಡುಗಿ?"

*

ರೈಲು, ರೈಲನ್ನೇ ಹೊತ್ತು ಸಮುದ್ರ ದಾಟುವ ಹಡಗು, ಮತ್ತೆ ರೈಲು. ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡಳು. 'ಕ್ಷಮಿಸಿ ಆಸ್ಗರ್ ಅವರೇ...' ಛೆ, ತೀರಾ ಒಣ! 'ಆಸ್ಗರ್, ನಾನು...' ನಾನು ಏನು?

ಊರು ತಲುಪಿದಾಗ ಸಂಜೆ ಆರು. ಆಗಸ್ಟ್ ಬಿಸಿಲು ಇನ್ನೂ ನೀರಿನ ಮೇಲೆ ಹೊಳೆಯುತ್ತಿತ್ತು. ದಂಡೆಯಲ್ಲಿ ಮಗುಚಿ ಹಾಕಿದ ದೋಣಿಯೊಂದಕ್ಕೆ ಅವನು ಟಾರು ಬಳಿಯುತ್ತಿದ್ದ. ಮೊಣಕೈವರೆಗೂ ಕಪ್ಪು.

ಅವಳನ್ನು ನೋಡಿ ಕುಂಚ ಕೈಯಲ್ಲೇ ನಿಂತಿತು.

ಜೋಡಿಸಿಕೊಂಡ ಮಾತೆಲ್ಲ ಗಾಳಿಗೆ ಹೋಯಿತು.

"ಅವಿಭಾಜ್ಯ!" ಎಂದಳು. "ಅದು ಅವಿಭಾಜ್ಯ, ಆಸ್ಗರ್. ತಪ್ಪು ನನ್ನದು. ಏಳು ಎರಡು ಅದಲುಬದಲು ಮಾಡಿದ್ದೆ. ನಿಮಗೆ ಮೊಳೆ ಎಣಿಸಿ ಅಂದೆ... ಆ ನಾಲಿಗೆ ಕಚ್ಚಿಕೊಂಡೇ ಎರಡು ತಿಂಗಳು ಕಳೆದೆ..."

"ಎಣಿಸಿದೆ," ಎಂದ ಅವನು ಮೆಲ್ಲಗೆ.

"ಏನನ್ನ?"

"ಮೊಳೆ. ಈ ದೋಣಿಗೆ ಏಳುನೂರ ಹನ್ನೆರಡು."

ಅವಳು ಅಳುತ್ತಲೇ ನಕ್ಕಳು. ನಗುತ್ತಲೇ ಕೋಪಿಸಿಕೊಂಡಳು.

"ನಿಮ್ಮ ಲೆಕ್ಕ ಸರಿ ಅಂತ ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ಹೊರಟುಬಂದ್ರಾ?"

"ಇಲ್ಲ. ತಪ್ಪು ನನ್ನದೇ ಅಂತ ಅಂದ್ಕೊಂಡಿದ್ದೆ."

"ಮತ್ತೆ ಮೆಟ್ಟಿಲ ಹತ್ರ... ಆ ದಿನ ನೆನಪಿದೆಯಾ ಅಂತ ಕೇಳಿದ್ದು?"

ಅವನು ಕುಂಚವನ್ನು ಡಬ್ಬಿಯೊಳಗಿಟ್ಟ. ಕೈ ಒರೆಸಿಕೊಳ್ಳಲು ಚಿಂದಿಬಟ್ಟೆ ಹುಡುಕಿದ. ಸಿಗಲಿಲ್ಲ.

"ನಿಮ್ಮ ಬಗ್ಗೆ ಅಲ್ಲ ಕೇಳಿದ್ದು... ನನ್ನ ಬಗ್ಗೆ ಹೇಳೋಕೆ ಹೊರಟಿದ್ದೆ. ಆ ಟೊಂಗೆ ಕೊಟ್ಟು ಬಂದ ಮೇಲೆ ನನ್ನ ತಲೆ ನನ್ನ ಹತ್ರ ಇರ್ಲಿಲ್ಲ. ಆ ಇಡೀ ಹಾಳೆ ಹೇಗೆ ಬರೆದೆನೋ ನಂಗೇ ಗೊತ್ತಿಲ್ಲ. ತಪ್ಪಿದ್ರೆ ನಂದೇ ಇರುತ್ತೆ, ಯಾಕಂದ್ರೆ ಆ ದಿನ ನಾನು ನಿಮ್ಮನ್ನ..." ಅವನು ಟಾರು ಡಬ್ಬಿಯತ್ತ ನೋಡಿದ. "ಅಷ್ಟರಲ್ಲಿ ನೀವು ಮೊಳೆ ಮಾತು ತೆಗೆದ್ರಿ."

ಸಿಗ್ನೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಎರಡು ತಿಂಗಳು! ಅವನು ತೆರೆದ ಎದೆಯನ್ನು ಅವಳು ಕತ್ತಿಯೆಂದುಕೊಂಡಿದ್ದಳು!

"ಸರಿ ಅಂತ ಗೊತ್ತಾಗಿದ್ದು ಹೋದ ವಾರ," ಎಂದು ಅವನು ಮಗುಚಿದ ದೋಣಿಯ ಕೆಳಗಿನಿಂದ ಒಂದು ಪೆಟ್ಟಿಗೆ ಎಳೆದ. ಒಳಗೆ ಮಡಚಿದ ಕಾಗದ, ಅಂಚೆಗೆ ಹಾಕದ ಒಂದು ಪತ್ರ. "ಪ್ರೊಫೆಸರರಿಗೆ ಅಂತ ಬರೆದಿಟ್ಟಿದ್ದೆ. ಹಾಕಿದ್ರೆ ನೀವು ತಪ್ಪು ಅಂತಾಗುತ್ತೆ. ಹಾಕದಿದ್ರೆ ಸಂಖ್ಯೆಗೆ ಮೋಸ. ನಾಳೆ ಹಾಕೋಣ, ನಾಳೆ ಹಾಕೋಣ ಅಂತ..."

"ಜಟ್‌ಲ್ಯಾಂಡಿನ ನಾಳೆ! ಅಷ್ಟರಲ್ಲಿ ಪುಸ್ತಕ ಅಚ್ಚಾ‌ಗಿ ಹಳೇದಾಗಿರ್ತಿತ್ತು."

"ಬೈಯಿರಿ. ಚೆನ್ನಾಗಿದೆ ಕೇಳೋಕೆ."

ಅವನ ಬಾಯಲ್ಲಿ 'ಚೆನ್ನಾಗಿದೆ'! ಅವಳು ತಲೆ ತಗ್ಗಿಸಿ ಕಾಗದ ಬಿಡಿಸಿದಳು. ಅದರಲ್ಲಿ ಹತ್ತು ಅಂಕಿಯ ಎರಡು ಸಂಖ್ಯೆಗಳಿದ್ದವು, ಅಷ್ಟೇ.

"ಇವು ಯಾರು?"

"ಹದಿಮೂರನ್ನ ತಗೊಳ್ಳಿ. ಎರಡರ ವರ್ಗ, ಮೂರರ ವರ್ಗ, ಕೂಡಿದ್ರೆ ಹದಿಮೂರು. ಇಪ್ಪತ್ತೊಂಬತ್ತು ಅಂದ್ರೆ ಎರಡು, ಐದು. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯೋ ಅವಿಭಾಜ್ಯಗಳಿಗೆಲ್ಲ ಇಂಥ ಒಂದು ಜೋಡಿ ಇದ್ದೇ ಇರುತ್ತೆ. ಒಂದೇ ಒಂದು. ಅರವತ್ತೈದಕ್ಕೆ ನೋಡಿ, ಎಂಟು-ಒಂದು ಆಗುತ್ತೆ, ಏಳು-ನಾಲ್ಕೂ ಆಗುತ್ತೆ. ಎರಡೆರಡು ಜೋಡಿ! ಅದಕ್ಕೇ ಅದು ಒಡೆಯೋದು."

"ಏಳಕ್ಕೆ?"

"ಏಳಕ್ಕೆ ಜೋಡೀನೇ ಇಲ್ಲ. ಅದು ಮೂರು ಉಳಿಸೋ ಜಾತಿ. ಒಂಟಿ, ಪಾಪ." ಅವನು ಕಾಗದದತ್ತ ಬೆರಳು ತೋರಿಸಿದ, ಟಾರು ತಾಗದಂತೆ ದೂರದಿಂದಲೇ. "ನಮ್ಮ ಸಂಖ್ಯೆಯ ಜೋಡಿ ಇದು. ನನ್ನ ಕೊನೆಯ ಹಾಳೆಗಳ ತಳದ ಸಾಲುಗಳನ್ನ ಒಂದು ಚೀಟೀಲಿ ಬರ್ಕೊಂಡಿದ್ದೆ, ಅವುಗಳಿಂದಲೇ ಹಾದಿ ಹಿಡಿದು ಹುಡುಕಿದೆ. ಲೆಕ್ಕದಲ್ಲಿ ತಪ್ಪಿದ್ದಿದ್ರೆ ಸಿಗ್ತಾ ಇರ್ಲಿಲ್ಲ."

ಸಿಗ್ನೆ ಆ ಎರಡು ಸಾಲುಗಳನ್ನು ನೋಡುತ್ತಲೇ ಇದ್ದಳು. ಲೆಕ್ಕವಿಲ್ಲದಷ್ಟು ಸಂಖ್ಯೆಗಳ ನಡುವೆ ಒಂದಕ್ಕೊಂದು ಗೊತ್ತೇ ಇಲ್ಲದ ಎರಡು... ಇವೆರಡೇ ಸೇರಬೇಕು, ಬೇರೆ ಯಾವುದೂ ಸೇರುವಂತಿಲ್ಲ.

"ಪೆನ್ಸಿಲ್ ಇದೆಯಾ?" ಎಂದಳು.

"ನಂಬಲ್ವಾ?"

"ಲೆಕ್ಕ ನಂಬೋದಲ್ಲ, ಮಾಡೋದು. ಮೊದಲನೇದು ನಾನು, ಎರಡನೇದು ನೀವು."

ಪೆಟ್ಟಿಗೆಯ ಮುಚ್ಚಳ ಮಗುಚಿ, ಒಂದೇ ಕಾಗದದ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತರು. ಯಂತ್ರವಿಲ್ಲ, ಗೋಡೆಯಿಲ್ಲ. ಅವನು ಒಂದು ಕಡೆ ದಶಕ ಮರೆತಾಗ ಅವಳು ಮೊಣಕೈಯಿಂದ ತಿವಿದಳು. ಅವಳು ತಡವರಿಸಿದಾಗ ಅವನು ಕಾದ. ಎರಡು ವರ್ಗಗಳನ್ನೂ ಕೂಡಿದರು. ಇಪ್ಪತ್ತು ಅಂಕಿಗಳು ಬಲದಿಂದ ಎಡಕ್ಕೆ ಒಂದೊಂದಾಗಿ ಬಂದು ನಿಂತವು.

ಅದೇ! ಒಂದಂಕಿಯೂ ಆಚೀಚೆಯಿಲ್ಲ.

ಅವಳ ಕಣ್ಣು ಮಂಜಾಯಿತು. ಅವನು ಮರೆತು ಟಾರು ಕೈಯಿಂದಲೇ ಅವಳ ಕೆನ್ನೆ ಒರೆಸಿದ. ಕಪ್ಪು ಗೆರೆಯೊಂದು ಕಿವಿಯವರೆಗೂ ಎಳೆದುಕೊಂಡಿತು.

"ಅಯ್ಯೋ... ಬೇಗ ಹೋಗಲ್ಲ ಅದು."

"ಹೋಗದಿರಲಿ ಬಿಡಿ."

"ವೀಕ್ಷಣಾಲಯದ ಕೆಲಸ?"

"ಸಿಗುತ್ತೋ ಇಲ್ವೋ. ಪತ್ರ ಬೇರೆ ಬರೀತಾರಂತೆ." ಅವಳು ಅವನತ್ತ ನೋಡಿದಳು. "ಮೆಟ್ಟಿಲ ಹತ್ರ ಅರ್ಧಕ್ಕೆ ನಿಂತ ಮಾತು... ಪೂರ್ತಿ ಮಾಡಿ ಆಸ್ಗರ್. ಈ ಸಲ ನಾನು ಬಾಯಿ ಹಾಕಲ್ಲ."

ಅವನು ನೀರಿನತ್ತ ನೋಡಿದ, ದೋಣಿಯತ್ತ ನೋಡಿದ, ಕೊನೆಗೆ ಅವಳ ಕಣ್ಣಿಗೇ ಬಂದು ನಿಂತ.

"ನಿಮ್ಮನ್ನ ಪ್ರೀತಿಸ್ತೀನಿ, ಸಿಗ್ನೆ. ಆ ಯಂತ್ರದ ಕೆಮ್ಮಿನ ದಿನದಿಂದ."

ಅವಳು ಅವನ ಕಪ್ಪು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಬೆರಳುಗಳ ನಡುವೆ ಬೆರಳು ಸೇರಿಸಿದಳು. ಟಾರು ಇಬ್ಬರನ್ನೂ ಅಂಟಿಸಿತು.

ದಿಬ್ಬದ ಮೇಲಿನ ಮನೆಯಿಂದ ಹೆಂಗಸಿನ ದನಿ ಕೂಗಿತು. "ಆಸ್ಗರ್! ಮೀನು ಆರ್ತಿದೆ ಕಣೋ! ಆ ಹುಡುಗಿ ಯಾರು? ಊಟಕ್ಕೆ ಎಷ್ಟು ತಟ್ಟೆ ಹಾಕ್ಲಿ?"

"ಅತ್ತಿಗೆ," ಎಂದ ಅವನು ಸಂಕೋಚದಿಂದ. "ಏನಂತ ಹೇಳ್ಲಿ?"

ಸಿಗ್ನೆಯೇ ಎದ್ದು ನಿಂತಳು. ಕೆನ್ನೆಯ ಮೇಲೆ ಕಪ್ಪು ಗೆರೆ, ಕೂದಲೆಲ್ಲ ಗಾಳಿ.

"ಒಂದು ಹೆಚ್ಚಿಗೆ ಇಡಿ ಅಕ್ಕಾ!" ಎಂದು ಕೂಗಿದಳು.

ಆಸ್ಗರ್ ಮುಖದ ತುಂಬ ನಗು ಹರಡಿತು. ಅವಳ ಕೈ ಹಿಡಿದೇ ದಿಬ್ಬ ಹತ್ತುತ್ತ, ಹೆದರಿ ಹೆದರಿ ಕೇಳಿದ:

"ಎಷ್ಟು ದಿನಕ್ಕೆ?"

ಅವಳು ಅವನ ಭುಜಕ್ಕೆ ತಲೆ ಆನಿಸಿದಳು.

"ಎಣಿಸಬೇಡ," ಎಂದಳು.